ಕೌದಿಗೂ ಹಸಿವಾಗುತ್ತದೆ

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರಿಗೆ ಸಂತೋಷವಾದಾಗ ಹಾಡು ಬರುತ್ತದಂತೆ, ದುಃಖವಾದಾಗ ಕವಿತೆ ಬರುತ್ತದಂತೆ. ನನಗೆ ಸಿಟ್ಟು ಬಂದಾಗ ಹೊಲಿಗೆ ಬರುತ್ತದೆ. ಹಳೆಯ ಸೀರೆಯ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿದ ನಮ್ಮ ಮನೆಯ ಒಳ್ಳೊಳ್ಳೆಯ ಕೌದಿಗಳೆಲ್ಲ ಯಾರೋ ಒಬ್ಬರ ಮೇಲಿನ ಸಿಟ್ಟಿನಲ್ಲೇ ಹುಟ್ಟಿದವು. ನೀಲಿ ಅಂಚಿನದು ನಾದಿನಿಯ ಮೇಲಿನದು. ಹತ್ತು ವರ್ಷ ಒಗೆದರೂ ಒಂದು ಎಳೆ ಬಿಚ್ಚಿಲ್ಲ.

ಆದರೆ ಆ ವರ್ಷ ನನಗೆ ಸಿಟ್ಟೂ ಬರುತ್ತಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತಿತ್ತು. ಪುಣೆಯ ಪಕ್ಕದ ಪಿಂಪ್ರಿಯಲ್ಲಿ ನಮ್ಮವರು ದುಡಿಯುತ್ತಿದ್ದ ಕಾರ್ಖಾನೆಗೆ ಬೀಗ ಬಿದ್ದು ವರ್ಷ ದಾಟಿತ್ತು. ಚಿಂಚವಾಡದ ಎರಡು ಕೋಣೆಯ ಮನೆಯಲ್ಲಿ ಅವರು ದಿನವಿಡೀ ಕುಳಿತು ಒಂದೇ ಪತ್ರಿಕೆಯನ್ನು ಮೂರು ಸಲ ಓದುತ್ತಿದ್ದರು. ನಾನು ಮಷಿನ್ನಿನ ಮೇಲೆ ನೆರೆಹೊರೆಯವರ ಬ್ಲೌಸು ಹೊಲಿಯುತ್ತಿದ್ದೆ, ಅದು ಹೊಟ್ಟೆಪಾಡು. ಕೌದಿಯ ಸೂಜಿ ಮಾತ್ರ ಮುಟ್ಟಿರಲಿಲ್ಲ. ಹಳೆಯ ಇಳಕಲ್ ಸೀರೆಗಳ ಟ್ರಂಕು ತೆರೆಯುತ್ತಿದ್ದೆ, ಯಾವ ಬಣ್ಣದ ಪಕ್ಕ ಯಾವುದನ್ನು ಇಡಬೇಕೆಂಬುದೇ ತೋಚದೆ ಮುಚ್ಚಿಬಿಡುತ್ತಿದ್ದೆ. ಬಣ್ಣ ಕಾಣುವ ಕಣ್ಣೇ ಹೋಯಿತೆಂದು ಒಳಗೊಳಗೇ ಹೆದರಿದ್ದೆ. ಯಾರಿಗೂ ಹೇಳಿರಲಿಲ್ಲ.

ಆ ಚಳಿಗಾಲದಲ್ಲಿ ನಮ್ಮ ಕನ್ನಡ ಮಹಿಳಾ ಮಂಡಳ ಒಂದು ಪುಣ್ಯದ ಕೆಲಸ ಹಿಡಿಯಿತು. ದವಾಖಾನೆಯೊಂದರ ಮಕ್ಕಳ ವಾರ್ಡಿನಲ್ಲಿ, ಇಂದಾಪುರದ ಕಡೆಯಿಂದ ಬಂದ ಕಬ್ಬು ಕಡಿಯುವವರ ಮಕ್ಕಳು ಸರಿಯಾದ ಹೊದಿಕೆಯಿಲ್ಲದೆ ನಡುಗುತ್ತಿದ್ದರು. ಹೊದಿಕೆ ಕೊಡಿ ಎಂದು ಮನೆಮನೆಗೆ ಹೇಳಿದೆವು. ಜನ ಕೊಟ್ಟರು. ಏನು ಕೊಟ್ಟರು ಕೇಳಿ! ತೂತುಬಿದ್ದ ಬನಿಯನ್ನುಗಳು, ಗುಂಡಿಯಿಲ್ಲದ ಸಫಾರಿ, ಅರ್ಧ ಸೊಳ್ಳೆಪರದೆ, ಒಂದು ಟೈ. ಚಳಿಗೆ ನಡುಗುವ ಕೂಸಿಗೆ ಟೈ! ದಾನವೆಂದರೆ ಕಪಾಟು ಖಾಲಿ ಮಾಡುವುದೇ? ಆ ಗುಡ್ಡೆಯ ಎದುರು ನಿಂತು ಪುಣೆಯ ಜನರನ್ನೆಲ್ಲ ಮನಸಾರೆ ಬೈದೆ. ಬೈಯುತ್ತಲೇ ಕೆದಕಿದಾಗ ಕೆಳಗೊಂದು ಜಿಪ್ ಕಿತ್ತ ಕಂದು ಪ್ಯಾಂಟು ಸಿಕ್ಕಿತು. ನಮ್ಮವರದು. ಹಿಂದಿನ ವಾರ ನಾನೇ ತಂದುಕೊಟ್ಟಿದ್ದೆ.

ಮನೆಗೆ ಬಂದವಳೇ ಟ್ರಂಕನ್ನು ದಡಾರನೆ ತೆರೆದೆ. ನಮ್ಮವರು ಪತ್ರಿಕೆಯಿಂದ ತಲೆಯೆತ್ತಿ, "ಇವತ್ತ ಯಾರ ಮ್ಯಾಲೆ?" ಎಂದರು.

"ನನ್ನ ಮ್ಯಾಲೇ! ಸುಮ್ನ ಕೂಡಬ್ಯಾಡ್ರಿ, ಈ ಸೀರಿ ತುದಿ ಹಿಡೀರಿ."

ಹಿಡಿದರು. ಹರಿದೆ. ಆ ಪರ್ರನೆಯ ಸದ್ದಿಗೆ ಏನಾಯಿತೋ, ಹಸಿರಿನ ಪಕ್ಕ ಕುಂಕುಮದ ಬಣ್ಣ ತಾನಾಗಿಯೇ ಬಂದು ಕುಳಿತಂತಾಯಿತು. ಅಂಚಿನಿಂದ ಹಿಡಿದು ಸುತ್ತುಸುತ್ತಾಗಿ ನಡುವಿನವರೆಗೆ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಹೋದೆ. ನನಗೆ ಚಾಳೀಸು ಬಂದಿದ್ದರಿಂದ ಸೂಜಿಗೆ ದಾರ ಪೋಣಿಸುವ ಕೆಲಸ ಅವರದಾಯಿತು. ವರ್ಷವಿಡೀ ಬಾಯಿಬಿಡದ ಮನುಷ್ಯ, "ಹಳದಿ ಭಾಳ ಆತು," ಎಂದು ತಕರಾರು ತೆಗೆಯುವಷ್ಟು ಸುಧಾರಿಸಿದರು. ಎರಡು ತಿಂಗಳಲ್ಲಿ ಐದು ಪುಟ್ಟ ಕೌದಿಗಳಾದವು.

ನಮ್ಮ ಕಡೆಯ ಒಂದು ಪದ್ಧತಿ ನಿಮಗೆ ಗೊತ್ತಿರಬಹುದು. ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತೇವೆ. ಕೌದಿ ಉಪವಾಸ ಇರಬಾರದು. ದೇವರಿಗೆ ನೈವೇದ್ಯವಿದೆ, ಆಕಳಿಗೆ ಗೋಗ್ರಾಸವಿದೆ, ಸತ್ತವರ ಹೆಸರಿನಲ್ಲಿ ಕಾಗೆಗೂ ಎಡೆಯಿದೆ. ಜೀವಮಾನವಿಡೀ ನಮ್ಮ ಹೊಟ್ಟೆಯನ್ನು ಬೆಚ್ಚಗಿಡುವ ವಸ್ತುವಿಗೆ ಒಂದು ತುತ್ತು ಹೆಚ್ಚೇ? ಐದಕ್ಕೂ ಜೋಳದ ರೊಟ್ಟಿ ಉಣ್ಣಿಸಿಯೇ ಮಂಡಳಕ್ಕೆ ಒಯ್ದೆ.

ಮಂಡಳದ ಅಧ್ಯಕ್ಷೆ ಸುಮಿತ್ರಾಬಾಯಿ ಮೂಲೆಯನ್ನು ಹಿಸುಕಿ ನೋಡಿದರು. "ಇದೇನ್ರೀ, ಗಟ್ಟಿ ಹತ್ತತದ?"

"ರೊಟ್ಟಿ ಚೂರ್ರಿ."

"ಅಯ್ಯ! ದವಾಖಾನಿಗೆ ಇರುವಿ ಕರಕೊಂಡ ಹೋಗ್ತೀರೇನು? ನಾವೀಗ ಹಳ್ಳ್ಯಾಗಿಲ್ಲ, ಪುಣೆದಾಗ ಇದ್ದೀವಿ. ಎಲ್ಲಾ ಬಿಚ್ಚರಿ."

ಈ ಮಾತು ಆಡಿದವರು ಯಾರು? ಗೋಕಾಕದ ಕಡೆಯವರು, ಇಂಥದೇ ಕೌದಿಯೊಳಗೆ ಬೆಳೆದವರು! ಟೈ ಬಂದಾಗ ನಗುನಗುತ್ತ ತೆಗೆದುಕೊಂಡರು. ಉಗುರಿನಷ್ಟು ರೊಟ್ಟಿಗೆ ಇಷ್ಟು ರಂಪ! ನನ್ನ ಮೈಯೆಲ್ಲ ಉರಿಯಿತು. ಅದಕ್ಕಿಂತ ಹೆಚ್ಚು ಉರಿಸಿದ್ದೆಂದರೆ, ಇರುವೆಯ ಮಾತು ಸುಳ್ಳಾಗಿರಲಿಲ್ಲ. ಕತ್ತರಿ ಹಿಡಿದು ಐದೂ ಮೂಲೆ ಬಿಚ್ಚಿದೆ, ರೊಟ್ಟಿ ತೆಗೆದೆ, ಮತ್ತೆ ಹೊಲಿದೆ. ಐದಕ್ಕೂ ತಿಥಿ ಮಾಡಿದಂತಾಯಿತು. ಇನ್ನು ಕೌದಿ ಮುಟ್ಟಿದರೆ ಕೇಳಿ ಎಂದು ಮನೆಯಲ್ಲಿ ಘೋಷಿಸಿದೆ. ನಮ್ಮವರು ಮತ್ತೆ ಪತ್ರಿಕೆ ಬಿಡಿಸಿದರು. ಅದನ್ನು ನೋಡಿ ಅಳು ಬಂತು.

ಮರುದಿನ ಐದೂ ಕೌದಿ ಹೊತ್ತು, ಮಂಡಳದವರ ಜೊತೆ ಮುಖ ಊದಿಸಿಕೊಂಡೇ ವಾರ್ಡಿಗೆ ಹೋದೆ. ಮೊದಲನೆಯ ಮಂಚದಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಏಳೆಂಟು ವರ್ಷದ ಹುಡುಗಿ. ಕೌದಿ ಹೊದಿಸಿದೆ. ಅವಳ ತಾಯಿ, ಕಬ್ಬು ಕಡಿಯಲು ಬಂದಿದ್ದ ವಿಜಾಪುರದ ಕಡೆಯವಳು, ಬಣ್ಣ ನೋಡಲಿಲ್ಲ, ಹೊಲಿಗೆ ನೋಡಲಿಲ್ಲ. ನಾಲ್ಕೂ ಮೂಲೆಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಸುಕಿದಳು.

"ಯವ್ವಾ, ಇದು ಉಪಾಸ ಅದ ಅಲ್ರಿ?" ಎಂದಳು.

ನನಗೆ ನಾಚಿಕೆಯಾಯಿತು. "ಇರುವಿ ಬರ್ತಾವಂತ ತಗಸ್ಯಾರವಾ," ಎಂದೆ.

"ಇರುವಿ ಎಷ್ಟ ತಿಂತಾವ ತಗೋರಿ," ಎಂದಳು. ಮಗಳ ತಟ್ಟೆಯಲ್ಲಿ ದವಾಖಾನೆಯವರು ಕೊಟ್ಟ ಎರಡು ತುಂಡು ಬ್ರೆಡ್ಡಿದ್ದವು. ತಾಯಿಗೆಂದು ಅಲ್ಲಿ ಏನೂ ಇರಲಿಲ್ಲ. ಅವಳು ಒಂದು ತುಂಡಿನ ಅಂಚನ್ನು ಚಿವುಟಿ, "ಸೂಜಿ ಅದ ಏನ್ರಿ?" ಎಂದು ಕೈ ಚಾಚಿದಳು.

ಸೂಜಿ ಅಭ್ಯಾಸಬಲದಿಂದ ನನ್ನ ಸೆರಗಿನಲ್ಲೇ ಇತ್ತು, ದಾರದ ಸಮೇತ. ಕೊಟ್ಟೆ. ಅವಳು ಮೂಲೆ ಬಿಚ್ಚಿ, ಬ್ರೆಡ್ಡಿಟ್ಟು, ನನಗಿಂತ ಸಣ್ಣ ಹೊಲಿಗೆಯಲ್ಲಿ ಮುಚ್ಚತೊಡಗಿದಳು. ಅಷ್ಟರಲ್ಲಿ ಹಿಂದೆ ಸುಮಿತ್ರಾಬಾಯಿಯ ಸೀರೆಯ ಸರಬರ ಕೇಳಿಸಿತು. ಅವರು ಎಲ್ಲವನ್ನೂ ನೋಡಿದ್ದರು. ಇವತ್ತು ಬಾಯಿ ತೆಗೆಯಲಿ, ಗೋಕಾಕದವರೆಗೂ ಕೇಳಿಸುವಂತೆ ಜಗಳವಾಡುತ್ತೇನೆಂದು ಸೆರಗು ಸಿಕ್ಕಿಸಿದೆ.

ಸುಮಿತ್ರಾಬಾಯಿ ನನ್ನ ಕಡೆ ನೋಡಲಿಲ್ಲ. ಹುಡುಗಿಯ ತಟ್ಟೆಯನ್ನು ನೋಡಿದರು, ಆ ತಾಯಿಯನ್ನು ನೋಡಿದರು. ಆಮೇಲೆ ನರ್ಸಿಗೆ ನಾವು ಕಾಣದಂತೆ ನಮ್ಮ ಮುಂದೆ ಅಡ್ಡ ನಿಂತು, ತಮ್ಮ ಊಟದ ಡಬ್ಬಿಯನ್ನು ತೆರೆದು ನನ್ನ ಕೈಗೆ ಕೊಟ್ಟರು.

"ಆಕಿಗೆ ಉಣ್ಣಾಕ ಕೊಡ್ರಿ ಮೊದಲ," ಎಂದರು. "ನೀವು ಲಗೂನ ಸೂಜಿ ಹಿಡೀರಿ. ಇನ್ನ ನಾಕ ಉಪಾಸ ಅದಾವ."