ಬಿಸಿಲಿಗಿಟ್ಟ ಪ್ಲೇಟು

ನಾನು ಚಿಕ್ಕವನಿದ್ದಾಗ ಅಂತ ಬಾಯಿ ತೆಗೆದರೆ ಸಾಕು, ನೀವು ಆಕಳಿಸಲು ಶುರು ಮಾಡುತ್ತೀರಿ. ಆಕಳಿಸಿರಿ, ಬ್ಯಾಡ ಅನ್ನೋದಿಲ್ಲ. ನನಗೂ ಈಗೀಗ ಮಾತಾಡಿದರೆ ದಣಿವು. ಆದರೆ ಮೊನ್ನೆ ಮೊಬೈಲಿನಲ್ಲಿ ಹಾಡು ಹಚ್ಚಿ, "ಅಜ್ಜಾ, ನಿನ್ನ ಹಾಡು ಸಿಕ್ತು" ಅಂದಿರಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ಆಗ ನಮ್ಮ ಮನೆ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಪೇಟೆಯ ಹಿಂದೆ ಇತ್ತು. ಸುಗ್ಗಿ ಬಂತೆಂದರೆ ಊರೆಲ್ಲ ಕೆಂಪು, ಗಾಳಿಯಲ್ಲೆಲ್ಲ ಘಾಟು. ಪೇಟೆಯಲ್ಲಿ ಚೀಲ ಹೊತ್ತು ಸಂಜೆ ಮನೆಗೆ ಬಂದ ಅಪ್ಪನಿಗೆ ಮಾತೇ ಇರುತ್ತಿರಲಿಲ್ಲ, ಬರೀ ಸೀನು. ದಿನವಿಡೀ ಕಾಯಿಯ ತೊಟ್ಟು ಬಿಡಿಸಿದ ಅವ್ವ, ಅಕ್ಕ ಉರಿಯುವ ಕೈಗೆ ಎಣ್ಣೆ ಸವರಿಕೊಂಡು ಕುಳಿತಿರುತ್ತಿದ್ದರು.

ಆಗ ಅಪ್ಪ ಗ್ರಾಮಫೋನಿನ ಕೀಲಿ ತಿರುಗಿಸುತ್ತಿದ್ದ. ರಾಣೇಬೆನ್ನೂರಿನಲ್ಲಿ ನಾಟಕ ಕಂಪನಿಯೊಂದು ಮುಚ್ಚಿದಾಗ ಆ ಪೆಟ್ಟಿಗೆಯನ್ನು ಹೊತ್ತು ತಂದಿದ್ದ. ಜೊತೆಗೆ ಬಂದದ್ದು ಒಂದೇ ಪ್ಲೇಟು. ಒಂದು ಬದಿಗೆ ಕಂಪನಿಯ ಹಾಸ್ಯಗಾರನ ಹಾಡು, ಅದು ಸವೆದು ಬರೀ ಕೆರೆತ. ಇನ್ನೊಂದು ಬದಿಗೆ ನಾಯಕಿಯ ಹಾಡು. ಹೊರಟು ನಿಂತವರನ್ನು ಇನ್ನೊಂದು ಗಳಿಗೆ ಇರು ಎಂದು ಬೇಡುವ ಹಾಡದು. 'ನಿಲ್ಲು' ಎಂದು ಉದ್ದಕ್ಕೆ ಎಳೆದು ಶುರು ಮಾಡುತ್ತಿದ್ದಳು. ಅಷ್ಟು ಕೇಳಿದರೆ ಸಾಕು, ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದ.

ಅಕ್ಕನನ್ನು ಕುಪ್ಪೇಲೂರಿಗೆ ಕೊಟ್ಟರು. ಅವಳು ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ. "ಅಪ್ಪಾ, ಆ ಪ್ಲೇಟು ನನಗ ಕೊಡ್ತಿಯೇನು?" ಅಂದಳು.

"ಪೆಟ್ಟಿಗಿ ಸಹಿತ ಒಯ್ಯಿ ತಾಯಿ" ಅಂದ ಅಪ್ಪ.

ಅವಳು ಗಂಡನ ಮನೆಗೆ ಹೊರಡುವ ದಿನ ಬಂತು. ಮೆಣಸಿನಕಾಯಿ ಧೂಳು ಕೂತು ಪ್ಲೇಟು ಕರಕರ ಅನ್ನುತ್ತದೆಂದು ಅವ್ವ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಂಗಳದಲ್ಲಿ ಕಾಯಿಗಳ ಪಕ್ಕ ಬಿಸಿಲಿಗಿಟ್ಟಳು. ನಮ್ಮೂರಲ್ಲಿ ಹಪ್ಪಳ, ಹಾಸಿಗೆ, ನೆಗಡಿ ಬಂದ ಹುಡುಗ, ಎಲ್ಲದಕ್ಕೂ ಔಷಧ ಬಿಸಿಲು. ಪ್ಲೇಟು ಅರಗಿನದು, ಕಾದರೆ ಮೆತ್ತಗಾಗುತ್ತದೆ ಎಂದು ಪಾಪ ಅವಳಿಗೇನು ಗೊತ್ತು? ಅಕ್ಕ ಬಂದು ನೋಡುವಷ್ಟರಲ್ಲಿ ಅದರ ಅಂಚು ನಮ್ಮ ಬ್ಯಾಡಗಿ ಕಾಯಿಯ ಹಾಗೇ ಸುಕ್ಕಾಗಿತ್ತು.

"ಅಯ್ಯ ಅವ್ವಾ! ಪ್ಲೇಟಂದ್ರ ಹಪ್ಪಳ ಅಂದ್ಕೊಂಡ್ಯಾ?"

"ಚೊಕ್ಕ ಆಗ್ಲಿ ಅಂತ ಇಟ್ಟೆನವ್ವಾ..." ಎಂದು ಅವ್ವನೂ ಅಳಲು ಕೂತಳು. ಅಕ್ಕ ಈ ಮನೆಯಿಂದ ಒಯ್ಯಬೇಕೆಂದು ಬಯಸಿದ್ದು ಅದೊಂದನ್ನೇ.

ಅಪ್ಪ ಬೈಯಲಿಲ್ಲ. ಬೈಯುವಷ್ಟು ತ್ರಾಣವೂ ಇರಲಿಲ್ಲವೇನೋ. "ಬಿಸಿಲಿಗೇ ಬಾಗೇತಿ, ಬಿಸಿಲಿಗೇ ನೆಟ್ಟಗಾಗ್ಲಿ ತಗೋ" ಅಂದವನೇ ಪ್ಲೇಟನ್ನು ಎರಡು ಚಪ್ಪಟೆ ಕಲ್ಲುಗಳ ನಡುವೆ ಇಟ್ಟ. ಮೇಲೆ ಕಾಯಿಯ ಚೀಲ ಹೇರಿದ. ಅದೂ ಸಾಲದೆಂದು ಚೀಲದ ಮೇಲೆ ತಾನೇ ಕುಳಿತ. ಕುಳಿತಲ್ಲೇ, ಉರಿ ಬಿಸಿಲಲ್ಲಿ, ತಲೆ ಜೋತು ನಿದ್ದೆ ಹೋದ. ಯಾರಿಗೂ ಎಬ್ಬಿಸಲು ಮನಸ್ಸಾಗಲಿಲ್ಲ.

ಬಿಸಿಲು ಇಳಿದ ಮೇಲೆ ಪ್ಲೇಟು ಹಚ್ಚಿದೆವು. ಸುಕ್ಕು ಪೂರ್ತಿ ಹೋಗಿರಲಿಲ್ಲ. 'ನಿಲ್ಲು' ಎನ್ನುವಾಗ ನಾಯಕಿಯ ದನಿ ನಡುವೆ ಕುಸಿದು, ಆಮೇಲೆ ಮೆಲ್ಲಗೆ ಎದ್ದಿತು. ನಾವೆಲ್ಲ ಅಕ್ಕನ ಮುಖ ನೋಡಿದೆವು. ಅವಳು ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು. "ಅಪ್ಪಾ, ಆಕಿನೂ ನಿನ್ನಂಗ ದಣದಾಳ ನೋಡು" ಅಂದಳು. ಸಂಜೆಯ ಬಸ್ಸಿನ ಮೇಲೆ ಪೆಟ್ಟಿಗೆ ಏರಿಸಿ, ಪ್ಲೇಟನ್ನು ಮಡಿಲಲ್ಲಿಟ್ಟುಕೊಂಡು ಹೋದಳು.

ಆ ಪೆಟ್ಟಿಗೆ ಇಲ್ಲ, ಪ್ಲೇಟು ಇಲ್ಲ, ಅಪ್ಪ ಅವ್ವ ಇಲ್ಲ. ನಿಮಗೆ ಕೀಲಿ ತಿರುಗಿಸುವ ಕೆಲಸವಿಲ್ಲ, ಧೂಳಿಲ್ಲ, ಜಗತ್ತಿನ ಹಾಡೆಲ್ಲ ಅಂಗೈಯಲ್ಲಿ. ಒಳ್ಳೆಯದೇ ಆಯಿತು ಬಿಡಿ. ಮೊನ್ನೆ ನೀವು ಹಚ್ಚಿದ ಹಾಡಿನಲ್ಲಿ ನಾಯಕಿ ಎಲ್ಲೂ ಕುಸಿಯಲಿಲ್ಲ. ನನಗೇಕೋ ಬೇಸರವಾಯಿತು. ಕುಪ್ಪೇಲೂರಿಗೆ ಫೋನ್ ಹಚ್ಚಿಸಿ ಅಕ್ಕನಿಗೂ ಕೇಳಿಸಿದೆ.

"ಚಂದ ಹಾಡ್ಯಾಳ. ಯಾರಕಿ?" ಅಂದಳು ಅಕ್ಕ.

"ನಮ್ಮ ಪ್ಲೇಟಿನಕೀನ ಅಕ್ಕಾ" ಅಂದೆ.

"ಹೋಗೋ, ಆಕಿ ಹಿಂಗ ಹಾಡತಿದ್ದಿಲ್ಲ" ಎಂದು ತಾನೇ ಹಾಡಿ ತೋರಿಸಿದಳು. 'ನಿಲ್ಲು' ಎಂದು ಎಳೆದಳು. ನಡುವೆ ದನಿ ಕುಸಿಯಿತು, ಮೆಲ್ಲಗೆ ಎದ್ದಿತು. ದೊಡ್ಡಜ್ಜಿ ರಾಗ ತಪ್ಪಿದಳೆಂದು ನೀವು ನಕ್ಕಿರಿ.

ತಪ್ಪಲಿಲ್ಲ ಮಕ್ಕಳೇ. ಅಲ್ಲಿ ಚೀಲದ ಮೇಲೆ ಅಪ್ಪ ಕುಂತಾನ.