ವೈನಿಯ ಪೇಟಿ, ಬಾಯಿ ಮುಚ್ಚಿ ಕೂತ ನಾವು

ಮಾಳಿಗೆಯ ಮೇಲೆ ಸಂಡಿಗೆ ಹಿಂಡುತ್ತಿದ್ದೆ. ಮೊಣಕೈವರೆಗೆ ಹಿಟ್ಟು, ತಲೆಯ ಮೇಲೆ ಸೆರಗು, ಎದುರಿಗೆ ಬಿಸಿಲಿಗೆ ಹಾಸಿದ ಹಳೆಯ ಧೋತರ. ಆಗ ಎದುರುಮನೆ ವೈನಿ ಮೆಟ್ಟಿಲು ಹತ್ತಿ ಬಂದರು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಕಾದ ಮಾಳಿಗೆಯ ಮೇಲೆ ಆ ಬರಿಗಾಲನ್ನು ಕೊಕ್ಕರೆಯ ಹಾಗೆ ಎತ್ತಿಕೊಂಡು, ಒಂಟಿಕಾಲಲ್ಲಿ ನಿಂತೇ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದರು.

“ಬಂತು ತಂಗಿ! ಆಲ್ಬಮ್ ಬಂತು. ನೋಡಿಲ್ಲೆ, ಎಲ್ಲಾರಿಗೂ ಕೇಳಾಕ ಬಿಟ್ಟಾರ!”

“ವೈನಿ, ಮೊದ್ಲ ನೆಳ್ಳಿಗೆ ಬರ್ರಿ. ಕಾಲು ಸುಟ್ಟೀತು.”

“ಸುಡ್ಲಿ ಬಿಡು ಇವತ್ತೊಂದಿನ.”

ಪರದೆಯ ಮೇಲೆ ನಮ್ಮ ಗುಡಿಯ ಪಡಸಾಲೆಯ ಚಿತ್ರ, ಕೆಳಗೆ ಇಂಗ್ಲಿಷಿನಲ್ಲಿ ಅವರ ಹೆಸರು. ನಾನು ಹಿಟ್ಟಿನ ಕೈಯಲ್ಲೇ ದೇವರಿಗೆ ಮುಗಿದೆ.

ಓಣಿಗೆಲ್ಲ ವೈನಿ, ಅಂದರೆ ಅತ್ತಿಗೆ, ಆದ ಇವರ ತವರು ಇಳಕಲ್ಲು, ನೇಯುವವರ ಮನೆ. ಧಾರವಾಡದಲ್ಲಿ ಸಂಗೀತ ಕಲಿತು, ಮದುವೆಯಾಗಿ ನಮ್ಮ ನವನಗರಕ್ಕೆ ಬಂದವರು. ಅವರ ಯಜಮಾನರು ಹುನಗುಂದದ ಒಂದು ಆಫೀಸಿನಲ್ಲಿ. ಬೆಳಗಿನ ಬಸ್ಸಿಗೆ ಹೋದರೆ ಸಂಜೆಗೆ ಬರುತ್ತಾರೆ. ಆ ನಡುವಿನ ಹೊತ್ತೆಲ್ಲ ವೈನಿ ಮತ್ತು ಪೇಟಿ. ಹಾರ್ಮೋನಿಯಂಗೆ ನಾವು ಪೇಟಿ ಎನ್ನುವುದು. ನೆಲದ ಮೇಲೆ ಕೂತು ನುಡಿಸುವ ಪದ್ಧತಿ ಅವರಿಗಿಲ್ಲ. ಪೇಟಿ ಟೇಬಲ್ಲಿನ ಮೇಲೆ, ತಾವು ಕುರ್ಚಿಯ ಮೇಲೆ. ಬೆರಳು ಸ್ವರ ಹಿಡಿದವೆಂದರೆ ಕೆಳಗೆ ಎರಡೂ ಕಾಲು ಒಂದಾದ ಮೇಲೊಂದು ನೆಲ ತುಳಿಯುತ್ತವೆ. ಸಣ್ಣವರಿದ್ದಾಗ ಅಪ್ಪನ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಬಿಟ್ಟು ಹಲಗೆ ತುಳಿದ ರೂಢಿ, ಹೋಗಿಲ್ಲ.

ಅವರು ಕಟ್ಟುವ ಸಂಗೀತದಲ್ಲಿ ಹಾಡಿಲ್ಲ, ತಬಲಾ ಇಲ್ಲ, ತಾನಗಳ ಓಡಾಟವೂ ಇಲ್ಲ. ನಾಲ್ಕು ಸ್ವರ ಹಿಡಿದು ಅವನ್ನೇ ತಿರುಗಿ ತಿರುಗಿ ನುಡಿಸುವುದು. ಎಷ್ಟೋ ಹೊತ್ತಾದ ಮೇಲೆ ಒಂದು ಸ್ವರ ಜಾಗ ಬದಲಿಸುತ್ತದೆ. ಅದು ನಮ್ಮ ಕಿವಿಗೆ ಬೀಳುವುದರೊಳಗೆ ಇನ್ನೊಂದು ಬಂದಿರುತ್ತದೆ. ನಮ್ಮ ರಾಗವೂ ಹೌದು, ಹೊರದೇಶದವರ ಪಿಯಾನೊದ ರೀತಿಯೂ ಹೌದು ಎಂದು ತಿಳಿದವರು ಹೇಳುತ್ತಾರೆ. ಹಿಂದೊಂದು ಆಲ್ಬಮ್ಮನ್ನು ಮನೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾಡಿದ್ದರು. ಹೆಸರೇ ಕೇಳದ ಊರುಗಳಿಂದ ಜನ ಮೆಚ್ಚಿ ಬರೆದರು. ನಮ್ಮ ಓಣಿಯಲ್ಲಿ ಮಾತ್ರ ಒಬ್ಬರೂ ಪೂರ್ತಿ ಕೇಳಲಿಲ್ಲ.

ಕೇಳಿಸಲು ಅವರು ಪ್ರಯತ್ನ ಮಾಡಲಿಲ್ಲವೆಂದಲ್ಲ. ಗುಡಿಯ ಸೋಮವಾರದ ಭಜನೆಗೆ ನಮ್ಮ ಹೆಂಗಸರ ಮಂಡಳಿಯ ಪೇಟಿ ಅವರದೇ. ಒಮ್ಮೆ ಮಂಗಳಾರತಿಗೆ ಮುಂಚೆ, “ಒಂದೀಟು ನಂದೂ ಬಾರಿಸ್ತೇನ್ರಿ” ಎಂದು ಶುರುಮಾಡಿದರು. ನಮ್ಮಲ್ಲಿ ಪೇಟಿಯವರು ಒಂದೇ ಸ್ವರಗುಚ್ಛವನ್ನು ಎರಡು ಮೂರು ಸಲ ನುಡಿಸಿದರೆಂದರೆ ಹಾಡು ಎತ್ತಿರಿ ಎಂದರ್ಥ. ಮಂಡಳಿಗೆ ಹಿರಿಯರಾದ ತಾಳದ ಅವ್ವ ಒಂದು ಸುತ್ತು ಕಾದರು, ಎರಡು ಸುತ್ತು ಕಾದರು. ಮೂರನೆಯದಕ್ಕೆ ಝಣ್ ಎಂದು ತಾಳ ಹೊಡೆದು ಭಜನೆ ಎತ್ತಿಯೇಬಿಟ್ಟರು. ಅವ್ವ ಎತ್ತಿದ ಮೇಲೆ ನಾವು ಬಿಡುತ್ತೇವೆಯೇ? ವೈನಿ ತುಟಿ ಕಚ್ಚಿಕೊಂಡು ನಮ್ಮ ಹಾಡಿಗೇ ಪೇಟಿ ಹಿಡಿದರು. ಮುಂದಿನ ಸೋಮವಾರವೂ ಅದೇ ಆಯಿತು.

“ಅವ್ವಾರ, ಇದು ಹಾಡೂದಲ್ರಿ. ಬರೇ ಕೇಳೂದು.”

“ಬರೇ ಕೇಳಾಕ ನಾವೇನು ಗೊಂಬೀನ ಬೇ? ದೇವರ ಮುಂದ ಪೇಟಿ ನುಡೀತೈತಿ, ನಾವು ಬಾಯಿಗೆ ಬೀಗ ಹಾಕ್ಕೊಂಡು ಕುಂದ್ರೂದಾ? ಮತ್ತ ಆ ಹಾಡಿಗೆ ತಲಿ ಎಲ್ಲೆ, ಬಾಲ ಎಲ್ಲೆ?”

ಒಂದು ಮಧ್ಯಾಹ್ನ ವೈನಿ ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದರು: “ಹೊಸಾದು ಕಟ್ಟೇನಿ. ಹೊರದೇಶದ ಕಂಪನಿಯವರು ತಗೋತೀವಿ ಅಂದಾರ. ಆದ್ರ ಕೋಣ್ಯಾಗ ಬ್ಯಾಡ, ಗುಡಿ ಪಡಸಾಲ್ಯಾಗ ಮಾಡಬೇಕು. ನೀವೆಲ್ಲಾ ಕುಂತಿರಬೇಕು. ಒಂದ ಸಲ, ತುದೀತನಕ, ನಮ್ಮವರು ಕೇಳಬೇಕು ತಂಗಿ.”

ನನಗೆ ಮುಚ್ಚುಮರೆ ಬರುವುದಿಲ್ಲ. “ಖರೆ ಹೇಳ್ಲಿ ವೈನಿ? ಸಿಟ್ಟಾಗಬ್ಯಾಡ್ರಿ. ನನಗೂ ಬ್ಯಾಸರಾ ಬರ್ತೈತಿ. ಅಲ್ಲೇ ನಿಂತಂಗ ಅನಸ್ತೈತಿ, ಮುಂದಕ್ಕ ಹೋಗೂದ ಇಲ್ಲ.”

ಅವರು ಸಿಟ್ಟಾಗಲಿಲ್ಲ. ದೇವರ ಗೂಡಿನಲ್ಲಿ ತೂಗುಹಾಕಿದ್ದ ನನ್ನ ಜಪದ ಮಾಲೆಯನ್ನು ತೋರಿಸಿದರು.

“ದಿನಾ ಮುಂಜಾನಿ ಒಂದ ಹೆಸರು ಹೇಳ್ತಿ. ಅದು ಎಲ್ಲಿಗಿ ಹೋಗ್ತೈತಿ?”

ಮರುದಿನ ಜಪಕ್ಕೆ ಕೂತಾಗ ಆ ಮಾತು ನೆನಪಾಯಿತು. ಅಲ್ಲಿಯವರೆಗೆ ನನ್ನ ಜಪವೆಂದರೆ ಒಲೆಯ ಮೇಲಿನ ಹಾಲಿಗೆ ಒಂದು ಕಿವಿ, ಬಾಗಿಲಿಗೆ ಒಂದು ಕಿವಿ, ಯಾವಾಗ ಮುಗಿದೀತೋ ಎಂಬ ಅವಸರ. ಅಂದು ಮೊದಲ ಸಲ ಒಂದೊಂದು ಮಣಿಗೂ ಹೆಸರು ಬೇರೆ ಬೇರೆಯಾಗಿ ಕೇಳಿಸಿತು. ಇಷ್ಟು ವರ್ಷ ದೇವರ ಮುಂದೆ ಕೂತಿದ್ದೆ. ನಿಜವಾಗಿ ಕೂತುಕೊಳ್ಳುವುದನ್ನು ಕಲಿಸಿದವರು ವೈನಿ. ಆ ಋಣ ನನ್ನಿಂದ ತೀರುವಂಥದಲ್ಲ. ತೀರದಿದ್ದರೂ ಒಂದು ಕೆಲಸ ಮಾಡಬಹುದಿತ್ತು: ಅವರಿಗಾಗಿ ಒಂದು ಮಧ್ಯಾಹ್ನ ಮಂಡಳಿಯ ಬಾಯಿ ಮುಚ್ಚಿಸುವುದು.

ದಾರಿ ದೇವರೇ ತೋರಿಸಿದ. ಕಾರ್ತಿಕದಲ್ಲಿ ದೇವರಿಗೆ ಹಚ್ಚುವ ಲಕ್ಷಬತ್ತಿಗೆ ನಾವು ಶ್ರಾವಣದಿಂದಲೇ ಹತ್ತಿ ಹೊಸೆಯುತ್ತೇವೆ. ಹೊಸೆಯುವಾಗ ಮಾತಾಡುವಂತಿಲ್ಲ, ಹಾಡುವಂತಿಲ್ಲ. ಬತ್ತಿಗೆ ಎಂಜಲು ಸಿಡಿಯುತ್ತದೆ. ಈ ಮಡಿಯನ್ನು ನಮಗೆ ಬಡಿದು ಬಡಿದು ಕಲಿಸಿದವರೇ ತಾಳದ ಅವ್ವ! ನಾನು ಹತ್ತಿಯ ಗಂಟು ಹೊತ್ತುಕೊಂಡು ಅವರ ಮನೆಗೆ ಹೋದೆ.

“ಅವ್ವಾರ, ಬತ್ತಿ ಹೊಸ್ಯೂಣ್ರಿ ಎಲ್ಲಾರೂ ಕೂಡಿ. ವೈನಿ ಅಲ್ಲೇ ಪೇಟಿ ಬಾರಿಸ್ತಾರ, ಅದನ್ನ ಹಿಡಕೊಳ್ಳಾಕ ಬಾದಾಮಿಯಿಂದ ಒಬ್ರು ಬರ್ತಾರ.”

ಅವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಭಾಳ ಶಾಣ್ಯಾಕಿ ಆಗೀ ನೀ,” ಎಂದರು. ಆದರೆ ಒಪ್ಪಿದರು.

ಗೊತ್ತುಮಾಡಿದ ಮಧ್ಯಾಹ್ನ ರೆಕಾರ್ಡಿಂಗ್ ಮಾಡುವ ಸಾಹೇಬರು ಬಂದು ಗುಡಿಯ ಪಡಸಾಲೆಯ ಕಂಬಕ್ಕೆ, ಪೇಟಿಯ ಮುಂದಕ್ಕೆ ಮೈಕು ಕಟ್ಟಿದರು. ಅವರಿಗೆ ಮರುದಿನದಿಂದ ಬೇರೆ ಊರಿನ ಕೆಲಸ. ನಡುವೆ ಒಬ್ಬರು ಹಾಡು ಎತ್ತಿದರೂ ಅಷ್ಟೂ ಹಾಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೋಡಿದವರು ಸಂಕೋಚದಿಂದ ನನ್ನ ಹತ್ತಿರ ಬಂದರು.

“ಅಕ್ಕಾರ, ಬಳಿ ಸಪ್ಪಳ ಭಾಳ ಆಗ್ತೈತ್ರಿ. ಒಂದೀಟು ತಗದಿಟ್ರ...”

“ಏನಂದ್ರಿ ಸಾಹೇಬ್ರ?” ಅವ್ವನ ದನಿ ಕಂಬಕ್ಕೆ ಬಡಿಯಿತು. “ಗುಡ್ಯಾಗ ಕುಂತ ಮುತ್ತೈದೇರಿಗೆ ಬಳಿ ತಗೀರಿ ಅಂತೀರಿ?”

ಪಾಪ, ಸಾಹೇಬರು ನಾಲಿಗೆ ಕಚ್ಚಿಕೊಂಡು ಎರಡೂ ಕಿವಿ ಹಿಡಿದರು. ವೈನಿ ನಕ್ಕರು: “ಬಳಿ ಇರ್ಲಿ ಸಾಹೇಬ್ರ. ಅವೂ ಬೇಕು ನನಗ.”

ಪೇಟಿ ಶುರುವಾಯಿತು. ನಾಲ್ಕು ಸ್ವರ, ಮತ್ತೆ ಅವೇ ನಾಲ್ಕು. ಮೂರನೆಯ ಸುತ್ತಿಗೆ ಅವ್ವನ ಗದ್ದ ಎದ್ದಿತು, ಬಾಯಿ ಅರ್ಧ ತೆರೆಯಿತು. ಅವ್ವ ಕೈಯಲ್ಲಿದ್ದ ಹತ್ತಿಯನ್ನು ನೋಡಿ ಬಾಯಿ ಮುಚ್ಚಿದರು. ಆಮೇಲೆ ಬರೇ ಪೇಟಿಯ ಉಸಿರು, ಹೊಸೆಯುವ ಕೈಗಳು, ಬಳೆಗಳು. ಒಂದು ಸ್ವರ ಸರಿಯಿತು. ಬಳೆಗಳೂ ಅದರ ಹಿಂದೆ ಹೋದಂತೆ ಕೇಳಿಸಿತು. ಕರೆಂಟು ಹೋಗಲಿಲ್ಲ. ಕಾಯಿಪಲ್ಲೆ ಗಾಡಿಯವನು ಮೈಕು ಹಚ್ಚಿಕೊಂಡು ಆ ಓಣಿಗೆ ಬರಲಿಲ್ಲ. ಯಾರಿಗೂ ಕೆಮ್ಮು ಬರಲಿಲ್ಲ. ದೇವರು ಕೊಡುವಾಗ ಹೀಗೆ ಸಣ್ಣ ಸಣ್ಣದಾಗಿ ಕೊಡುತ್ತಾನೆ, ನಾವು ಲಕ್ಷ್ಯವಿಡಬೇಕು ಅಷ್ಟೆ.

ಕೊನೆಯ ಸ್ವರ ನಿಂತ ಮೇಲೆ ಯಾರೂ ಏಳಲಿಲ್ಲ. ತಾಳದ ಅವ್ವ ಬತ್ತಿ ತುಂಡರಿಸುವುದನ್ನೇ ಮರೆತಿದ್ದರು. ಒಂದೇ ಬತ್ತಿ ಅಂಗೈ ದಾಟಿ, ಮಡಿಲು ದಾಟಿ, ಮೊಳದುದ್ದ ಇಳಿಬಿದ್ದಿತ್ತು.

“ಮುಗೀತೇನವಾ?” ಎಂದರು. “ಇನ್ನೊಂದೀಟು ಬಾರಿಸಬೇಕಿತ್ತು. ನನ್ನ ಹತ್ತಿ ಉಳದೈತಿ.”

ಸಾಹೇಬರು ಬೆರಳೆತ್ತಿ, ಎಲ್ಲವೂ ಸರಿಯಾಗಿ ಬಂದಿದೆ ಎಂದು ತೋರಿಸಿದರು. ವೈನಿ ಪೇಟಿಯ ಮೇಲೆ ತಲೆಯಿಟ್ಟು ಕೂತಿದ್ದರು.

ಆದರೂ ಅವರ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತೆಂದು ನನಗೆ ಗೊತ್ತು. ಆ ದಿನ ನಾವು ಸುಮ್ಮನೆ ಕೂತು ಕೇಳಿದ್ದು ಪೇಟಿಗಾಗಿಯೋ, ಮಡಿಗಾಗಿಯೋ? ಅದಕ್ಕೇ ಆಲ್ಬಮ್ ಬಂದ ದಿನ ಸಂಜೆ ಎಲ್ಲರನ್ನೂ ನಮ್ಮ ಮನೆಗೇ ಕರೆದೆ. ಹತ್ತಿ ಇಲ್ಲ, ಮಡಿಯೂ ಇಲ್ಲ. ನನ್ನ ಮಗಳ ಸ್ಪೀಕರಿಗೆ ಮೊಬೈಲು ಜೋಡಿಸಿ ಹಚ್ಚಿದೆವು.

“ಅದ ನೋಡ್ರಿ, ನನ್ನ ಬಳಿ!”

“ನಿನ್ನವು ಪ್ಲಾಸ್ಟಿಕ್ಕಿನವು ಬೇ, ಎಲ್ಲಿ ಸಪ್ಪಳ ಮಾಡ್ತಾವ? ನನ್ನವು ಅವು.”

“ಬಾಯಿ ಮುಚ್ಚರ್ಯಾ!” ಎಂದು ಅವ್ವ ಗದರಿದರು.

ಕೋಣೆ ಸುಮ್ಮನಾಯಿತು. ಅರ್ಧ ಆಗಿರಬೇಕು, ಓಣಿಯಲ್ಲಿ ಯಾರೋ ಕೂಗಿದರು: “ನೀರು ಬಂದಾವ್ರೀ!” ನಲ್ಲಿಯ ನೀರು ಬಂತೆಂದರೆ ನಮ್ಮಲ್ಲಿ ಊಟದ ತಾಟು ಬಿಟ್ಟು ಎದ್ದು ಓಡುತ್ತಾರೆ. ವೈನಿಯೇ ಮುಖ ಸಣ್ಣದು ಮಾಡಿಕೊಂಡು ಮೊಬೈಲು ಬಂದ್ ಮಾಡಲು ಕೈಚಾಚಿದರು.

ತಾಳದ ಅವ್ವ ಆ ಕೈ ಹಿಡಿದರು.

“ಬಿಡು. ತುದೀತನಕ ಆಗ್ಲಿ.”

“ಅವ್ವಾರ, ನೀರು...”

“ನೀರು ನಾಡದೂ ಬರ್ತಾವ.”

ಒಬ್ಬರೂ ಏಳಲಿಲ್ಲ. ವೈನಿ ಅವ್ವನ ಮುಖ ನೋಡಿದರು, ನಮ್ಮೆಲ್ಲರ ಮುಖ ನೋಡಿದರು, ಅವ್ವನ ಕೈಯೊಳಗಿನ ಕೈಯನ್ನು ಹಾಗೇ ಬಿಟ್ಟು ಕಣ್ಣು ಮುಚ್ಚಿದರು.

ಮನೆಯೊಡತಿ ನಾನು, ಇಷ್ಟು ಮಂದಿಯ ಚಹಾಕ್ಕಾದರೂ ನೀರು ಬೇಕು. ಸದ್ದಿಲ್ಲದೆ ಎದ್ದು ಹಿತ್ತಲಿಗೆ ಹೋದೆ. ಕಿಟಕಿ ತೆರೆದೇ ಇತ್ತು. ಪೇಟಿ ಅಲ್ಲಿಗೂ ಕೇಳಿಸುತ್ತಿತ್ತು. ನಲ್ಲಿಗೆ ಪೈಪು ಸಿಕ್ಕಿಸಿ, ನೀರು ಬೀಳುವ ಸಪ್ಪಳ ಒಳಗೆ ಹೋಗದಂತೆ ಅದರ ತುದಿಯನ್ನು ಕೊಡದ ತಳಕ್ಕೆ ಮುಟ್ಟಿಸಿ, ತುಂಬತೊಡಗಿದೆ.