ಅಕ್ಕನ ಪ್ರಶ್ನೆಗೆ ನಾನಾಡಿದ ಇಂಗ್ಲಿಷ್

ಮೈಸೂರಿನ ಫುಟ್‌ಪಾತಿನಲ್ಲಿ ಈ ಹಳೆಯ ಇಂಗ್ಲಿಷ್-ಕನ್ನಡ ನಿಘಂಟಿಗೆ ನೂರೈವತ್ತು ರೂಪಾಯಿ ಕೊಟ್ಟೆ. ಮಾರುವವನು ಹೇಳಿದ್ದು ನಾನೂರು. ರಟ್ಟು ಕಿತ್ತಿದೆ, ಮುಗ್ಗಲು ವಾಸನೆ ಎಂದು ಇಳಿಸಿದೆ. ನನ್ನದು ಶುಂಠಿ ವ್ಯಾಪಾರದವನ ನಾಲಿಗೆ ನೋಡಿ, ಸುಮ್ಮನಿರುವುದಿಲ್ಲ. ಕೊಂಡದ್ದು ಒಂದೇ ಪದಕ್ಕಾಗಿ: ಪರ್ಟೇನ್.

ಅದನ್ನು ನಾನು ಕಲಿತದ್ದು ಹುಣಸೂರಿನ ಕಚೇರಿಯ ಗುಮಾಸ್ತರೊಬ್ಬರಿಂದ. ಯಾರು ಏನು ಕೇಳಿದರೂ ಕನ್ನಡಕ ಸರಿಮಾಡಿಕೊಂಡು, 'ಡಸ್ ನಾಟ್ ಪರ್ಟೇನ್' ಎನ್ನುತ್ತಿದ್ದರು. ಎದುರಿಗಿದ್ದವರು ತೆಪ್ಪಗಾಗುತ್ತಿದ್ದರು. ಅರ್ಥ ಗೊತ್ತಿರಲಿಲ್ಲ, ಕೆಲಸಕ್ಕೆ ಬರುವ ಮಾತು ಎಂದು ಎತ್ತಿಟ್ಟುಕೊಂಡೆ.

ಬಳಸಿದ್ದು ಚುಂಚನಕಟ್ಟೆಯ ನಮ್ಮ ಮನೆ ಜಗಲಿಯ ಮೇಲೆ, ನಾನೂ ತಮ್ಮನೂ ಪಾಲಾದ ದಿನ. ಅಪ್ಪ ಅವ್ವ ತೀರಿಕೊಂಡಿದ್ದರು. ನಾಲೆ ಬಯಲಿನ ಗದ್ದೆ ನನಗೇ ಬೀಳಬೇಕೆಂದು ಬೆಳಗಿನಿಂದ ಪಟ್ಟು ಹಿಡಿದಿದ್ದೆ. ಹಂಪಾಪುರಕ್ಕೆ ಕೊಟ್ಟಿದ್ದ ಅಕ್ಕ ಹೊಸ್ತಿಲ ಪಕ್ಕ ಕೂತಿದ್ದಳು. ತನಗೆ ಪಾಲು ಬೇಡವೆಂದು ಮೊದಲೇ ಹೇಳಿದ್ದಳು.

'ಲೇ, ಗೌರಿ ಅಬ್ಬುಕ್ಕೆ ಇನ್ಮ್ಯಾಕೆ ನಂಗೆ ಬಾಗಿನ ತರೋರು ಯಾರ್ಲಾ? ನಾನ್ ಬಂದ್ರೆ ಯಾರ್ ಮನೇಗ್ ಬರ್ಲಿ? ಅದ್ನೂ ಏಳ್ಬುಡಿ.'

ತಮ್ಮ ನನ್ನ ಮುಖ ನೋಡಿದ. ನನಗೋ ಗದ್ದೆಯ ಮಾತು ಕೈತಪ್ಪೀತೆಂಬ ಅವಸರ. 'ಅಕ್ಕ, ಅದು ಇದುಕ್ಕೆ ಪರ್ಟೇನ್ ಆಗಕಿಲ್ಲ, ಸುಮ್ಕಿರು' ಎಂದೆ.

'ಇಂಗ್ಲೀಸ್ ಬುಟ್ಟ ಕಣ್ಲಾ ಸಾವ್ಕಾರ!' ಎಂದು ಪಂಚಾಯ್ತಿಗೆ ಕೂತವರು ನಕ್ಕರು. ಅಕ್ಕನೂ ನಕ್ಕಳು, ಸ್ವಲ್ಪ ತಡವಾಗಿ.

ಗದ್ದೆ ನನಗೇ ಬಂತು. ಗೌರಿ ಹಬ್ಬಕ್ಕೆ ತಮ್ಮ ಹೋಗಿರುತ್ತಾನೆಂದು ನಾನು, ಅಣ್ಣ ಹೋಗಿರುತ್ತಾನೆಂದು ಅವನು. ಹೀಗೆಯೇ ಒಂಬತ್ತು ವರ್ಷ. ಶುಂಠಿ ನೋಡಲು ಹಂಪಾಪುರದ ದಾರಿಯಲ್ಲೇ ಎಷ್ಟು ಸಲ ಓಡಾಡಿದ್ದೇನೋ!

ಈ ವರ್ಷ ಬಾಗಿನ ತೆಗೆದುಕೊಂಡು ಹೋದೆ. ಅಕ್ಕ ಸೆರಗಿನಿಂದ ಒರೆಸಿ ಕುರ್ಚಿ ಹಾಕಿದಳು. 'ಬನ್ನಿ, ಕೂತ್ಕಳಿ. ಕಾಪಿ ಕುಡೀತೀರಾ?'

ನನ್ನ ಸುಂಬಳ ಒರೆಸಿ ಬೆಳೆಸಿದವಳು! 'ನಂಗ್ಯಾಕಕ್ಕ ಬನ್ನಿ ಗಿನ್ನಿ? ಬಾರ್ಲಾ ಅನ್ನು' ಎಂದೆ.

'ಅಭ್ಯಾಸ ತಪ್ಪೋಯ್ತು ಕಣ್ರೀ' ಎಂದಳು. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಸರಿಮಾಡಿಕೊಳ್ಳಬಹುದಿತ್ತು.

ಅಲ್ಲಿಂದ ಮೈಸೂರಿಗೆ ಹೋದವನೇ ನಿಘಂಟು ಕೊಂಡೆ. ಸಂಬಂಧಪಡು, ಸೇರಿದ್ದಾಗಿರು ಎಂದು ಅರ್ಥ ಕೊಟ್ಟಿದೆ. ಲ್ಯಾಟಿನ್‌ನಿಂದ ಬಂದದ್ದಂತೆ; ಅಲ್ಲಿ ಅದರ ಮೂಲ ಅರ್ಥ 'ಕೊನೆತನಕ ಹಿಡಿದಿರುವುದು' ಎಂದು.

ನೀವು ಪಾಲಿಗೆ ಕೂರುವವರಾದರೆ ನನ್ನ ಮಾತು ಕೇಳಿ. ಅಳತೆಯವರನ್ನು ಕರೆಸುವ ಮೊದಲು ಅಕ್ಕತಂಗಿಯರನ್ನು ಕೂರಿಸಿಕೊಂಡು, ಇನ್ನು ಯಾವ ಮನೆ ಅವರ ತವರೆಂದು ಗೊತ್ತುಮಾಡಿ. ಯಾರೂ ಬಾಯಿಬಿಡದಿದ್ದರೆ ನೀವೇ ಒಪ್ಪಿಕೊಳ್ಳಿ. ಹಬ್ಬ ಬಂದಾಗ, ತಮ್ಮ ಹೋಗಿದ್ದಾನೋ ಇಲ್ಲವೋ ಎಂದು ವಿಚಾರಿಸುತ್ತ ಕೂರದೆ ಬಸ್ಸು ಹತ್ತಿ. ಇಬ್ಬರೂ ಹೋದರೆ ಅವಳಿಗೆ ಎರಡು ಬಾಗಿನ, ನಷ್ಟವೇನಿಲ್ಲ.